ಹಿಲ್ಡಾಗೆ ಜ್ವರ ಏರಿದ ಶನಿವಾರ

ಹಿಲ್ಡಾಳ ಎದೆಯ ಮೇಲಿನ ಕೆಂಪು ಅಂಕಿ ಇನ್ನೂರ ಮೂರು ತೋರಿಸುತ್ತಿತ್ತು. ಕಣ್ಣುಜ್ಜಿಕೊಂಡು ಮತ್ತೆ ನೋಡಿದೆ. ಇನ್ನೂರ ನಾಲ್ಕು.

ಹಿಲ್ಡಾ ಅಂದರೆ ನಮ್ಮ ಸೌದೆ ಬಾಯ್ಲರು. ಮನೆಯಿಂದ ಒಂದು ಕೂಗಳತೆ ದೂರ, ಹಿಮದ ನಡುವೆ ತಗಡಿನ ಗೂಡಂಗಡಿಯ ಹಾಗೆ ನಿಂತಿರುತ್ತಾಳೆ. ಹೊಟ್ಟೆಯಲ್ಲಿ ಬೆಂಕಿ, ಬೆಂಕಿಯ ಸುತ್ತ ನೀರು. ಅವಳು ಕಾಯಿಸಿದ ನೀರು ನೆಲದಡಿಯ ಪೈಪಿನಲ್ಲಿ ಮನೆಗೆ ಹೋಗಿ, ಮನೆಯನ್ನೆಲ್ಲ ಬೆಚ್ಚಗೆ ಮಾಡಿ, ತಣ್ಣಗಾಗಿ ಅವಳ ಹತ್ತಿರವೇ ವಾಪಸು ಬರುತ್ತದೆ. ತಾತನಿಗೆ ಒಂದನೇ ಕ್ಲಾಸಿನಲ್ಲಿ ಪಾಠ ಹೇಳಿದ ಟೀಚರ ಹೆಸರು ಹಿಲ್ಡಾ. ಆಕೆಯೂ ಹೀಗೇ ದಿನವಿಡೀ ಬುಸುಗುಡುತ್ತಿದ್ದರಂತೆ.

ಹಿಲ್ಡಾ ನೂರ ಎಂಬತ್ತೈದು ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದ ತಕ್ಷಣ ತನ್ನ ಗಾಳಿ ಬಾಗಿಲನ್ನು ತಾನೇ ಮುಚ್ಚಿಕೊಂಡು ತೂಕಡಿಸಬೇಕು. ಇನ್ನೂರ ಹನ್ನೆರಡಕ್ಕೆ ನೀರು ಕುದಿಯುತ್ತದೆ. ಕುದಿಯಿತೋ, ನೆತ್ತಿಯ ಮೇಲಿನ ಆವಿ ಕೊಳವೆಯಿಂದ ನೀರೆಲ್ಲ ಉಕ್ಕಿ ಹಿಮದ ಪಾಲು. ನೀರಿಲ್ಲದ ಪಂಪು ಆವಿ ಕುಡಿದು ನಿಂತುಬಿಡುತ್ತದೆ. ಹೊರಗೆ ಉಗುಳಿದರೆ ನೆಲ ಮುಟ್ಟುವ ಮೊದಲೇ ಗಟ್ಟಿಯಾಗುವ ಚಳಿ. ಸಂಜೆಯೊಳಗೆ ನಮ್ಮ ಮನೆ ಐಸ್ ಪೆಟ್ಟಿಗೆ.

ಅದೂ ಯಾವತ್ತು? ನನ್ನಕ್ಕ ಕ್ರಿಸ್ಟಾ ಆಸ್ಪತ್ರೆಯಿಂದ ಮಗಳನ್ನೆತ್ತಿಕೊಂಡು ಮನೆಗೆ ಬರುವ ದಿನ.

ಕಾರು ಓಡಿಸಿಕೊಂಡು ಬರುತ್ತಿದ್ದವರು ಅಕ್ಕನ ಅತ್ತೆ ಪೌಲೆಟ್. ಅವರದು ಹೌಟನ್ ಪೇಟೆಯಲ್ಲಿ ಮನೆ, ಗ್ಯಾಸಿನ ಬಿಸಿ. ಗೋಡೆಯ ಮೇಲಿನ ಗುಂಡಿ ತಿರುಗಿಸಿದರೆ ಸಾಕು, ಬೇಸಿಗೆ. ಕೂಸು ಮೊದಲು ಯಾರ ಮನೆಯಲ್ಲಿ ಮಲಗಬೇಕು ಅನ್ನುವುದರ ಮೇಲೆ ಎರಡೂ ಮನೆಗಳ ನಡುವೆ ಫೋನಿನಲ್ಲಿ ಮಹಾಯುದ್ಧವೇ ನಡೆದಿತ್ತು. ಕೊನೆಗೆ ಆದ ಒಪ್ಪಂದ ಇಷ್ಟು: ಮಗು ನಮ್ಮ ಮನೆಗೇ ಬರುತ್ತದೆ, ಆದರೆ ಪೌಲೆಟ್ ಮೊದಲು ಒಬ್ಬರೇ ಒಳಗೆ ಬಂದು ನೋಡುತ್ತಾರೆ. ಮನೆ ತಣ್ಣಗಿದ್ದರೆ ಮಗುವನ್ನು ಕಾರಿನಿಂದ ಇಳಿಸುವುದೇ ಇಲ್ಲ. ಹಾಗೇ ಗಾಡಿ ತಿರುಗಿಸಿ ಪೇಟೆಗೆ.

ತಾತನಿಗೆ ಇದು ಜೀವದ ಪ್ರಶ್ನೆ. ನಮ್ಮ ಮನೆಯನ್ನು ದಿಮ್ಮಿ ಜೋಡಿಸಿ ಕಟ್ಟಿದ್ದು ಅವನ ಅಪ್ಪ. ಅಲ್ಲಿಂದ ಇಲ್ಲಿಯವರೆಗೆ ನಮ್ಮ ಪೈಕಿ ಹುಟ್ಟಿದ ಒಂದು ಕೂಸೂ ಮೊದಲ ಸಲ ಬೇರೆ ಸೂರಿನಡಿ ಮಲಗಿಲ್ಲ. ನನ್ನನ್ನೂ ಅಕ್ಕನನ್ನೂ ಸಾಕಿದ್ದು ಅವನೂ ಅಜ್ಜಿಯೂ. ಇನ್ನೊಂದು ಆಸೆಯೂ ಅವನಿಗಿತ್ತು. ನಮ್ಮ ಫಿನ್ನಿಶ್ ಮಂದಿ ಸೌನಾ ಅನ್ನುವ ಹಬೆಕೋಣೆಯ ಬಿಸಿಯಲ್ಲಿ ಕೂತು ಬರ್ಚ್ ಮರದ ಸೊಪ್ಪಿನ ಕಟ್ಟಿನಿಂದ ಮೈ ಬಡಿದುಕೊಳ್ಳುತ್ತೇವಲ್ಲ, ಆ ವಿಹ್ತಾ, ಅದರ ಎಳೆ ಎಲೆಯನ್ನು ಕೂಸಿನ ಅಂಗಾಲಿಗೆ ಮುಟ್ಟಿಸುವುದು ನಮ್ಮ ಮನೆಯ ಪದ್ಧತಿ. ಈ ಸಲ ಅದು ಬೇಡ ಅಂತ ಅಜ್ಜಿ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದ್ದಳು. ಹಿಮ ಕರಗುವವರೆಗೆ ಮಗುವಿನ ಹತ್ತಿರ ಸೌನಾ ಗೀನಾ, ಸೊಪ್ಪು ಗಿಪ್ಪು ಅಂದರೆ ಪೌಲೆಟ್ ಬೆಚ್ಚಿ ಓಡಿಹೋಗುತ್ತಾರೆ ಅಂದಿದ್ದಳು. ತಾತ “ಆಗ್ಲಿ” ಅಂದಿದ್ದ. ಒಂದೇ ಮಾತಿಗೆ ಒಪ್ಪಿಕೊಂಡಿದ್ದ. ಅಲ್ಲೇ ನನಗೆ ಅನುಮಾನ ಬರಬೇಕಿತ್ತು.

ಸರಿ, ನಾನು ಓಡಿದೆ. ಅಡುಗೆಮನೆಯ ಬಾಗಿಲು ಒದ್ದು ತೆರೆದು, ಹೊಸ್ತಿಲ ಮೇಲೆ ಒಂದು ಕಾಲಿಟ್ಟು, ಸಿನಿಮಾ ಹೀರೋಗೆ ಬೀಸುವ ಹಾಗೆ ಹಿಂದಿನಿಂದ ಗಾಳಿ ಬೀಸುತ್ತಿದೆ ಅಂದುಕೊಂಡು ಹೇಳಿದೆ: “ಈ ಊರಲ್ಲಿ ಇರೋದು ಎರಡೇ ಬೆಂಕಿ. ಒಂದು ಹಿಲ್ಡಾ ಹೊಟ್ಟೇಲಿ, ಇನ್ನೊಂದು ನನ್ನ ಕಣ್ಣಲ್ಲಿ. ಇವತ್ತು ಒಂದು ಕೈಮೀರಿದೆ.”

ತಾತ ಕಾಫಿ ಲೋಟದಿಂದ ತಲೆಯೆತ್ತಲಿಲ್ಲ. “ಮೊದ್ಲು ಮೂಗು ಒರೆಸ್ಕೊ. ಸುರೀತಿದೆ.”

“ತಾತಾ, ನಿಜವಾಗ್ಲೂ. ಇನ್ನೂರ ನಾಲ್ಕು.”

“ಹೌದಾ? ಅವಳೇ ಹೇಳಿದ್ಲಾ?”

ಅವನು ಹಾಗೆ ಕೇಳಿದ್ದಕ್ಕೂ ಕಾರಣವಿದೆ. ಹಿಂದಿನ ವಾರ ನಾನು ಹಿಲ್ಡಾಳ ಬೆನ್ನಿನ ಪೆಟ್ಟಿಗೆಯೊಳಗೆ ಪುಟ್ಟ ಸ್ಪೀಕರೊಂದನ್ನು ಅಡಗಿಸಿ, ತಾತ ಸೌದೆ ಹಾಕಲು ಹೋದಾಗ ಮನೆಯೊಳಗಿಂದ ಫೋನಿನಲ್ಲಿ ಗೊಗ್ಗರು ದನಿಯಲ್ಲಿ, “ಸುಲೋ, ಹಸಿವು ಕಣೋ” ಅಂದಿದ್ದೆ. ತಾತ ಟೋಪಿ ತೆಗೆದು ಎದೆಗಿಟ್ಟುಕೊಂಡ. ಆಮೇಲೆ ಎರಡು ದಿಮ್ಮಿ ಹೆಚ್ಚಿಗೆ ಹಾಕಿದ. ಅಷ್ಟಕ್ಕೇ ಬಿಟ್ಟಿದ್ದರೆ ಮುಗಿಯುತ್ತಿತ್ತು. ನಾನು “ಥ್ಯಾಂಕ್ಸ್” ಅಂದೆ, ಸಿಕ್ಕಿಬಿದ್ದೆ. ಅವತ್ತಿನಿಂದ ನಾನು ಹಿಮ ಬೆಳ್ಳಗಿದೆ ಅಂದರೂ ಮನೆಯವರು ಕಿಟಕಿಯಿಂದ ನೋಡಿ ಖಾತ್ರಿ ಮಾಡಿಕೊಳ್ಳುತ್ತಿದ್ದರು.

ನನ್ನ ಪುಣ್ಯಕ್ಕೆ ಅಜ್ಜಿ ಏಲಕ್ಕಿ ಬ್ರೆಡ್ಡನ್ನು ಒಲೆಯಿಂದ ತೆಗೆದು ಕಿಟಕಿಯ ಹತ್ತಿರ ಆರಲಿಟ್ಟವಳು ಹಾಗೇ ಹೊರಗೆ ನೋಡಿದಳು. ಹಿಲ್ಡಾಳ ನೆತ್ತಿಯಿಂದ ಬಿಳಿ ಆವಿ ರೈಲಿನ ಹಾಗೆ ಹಾರುತ್ತಿತ್ತು.

“ವೋಯ್ ವೋಯ್,” ಅಂದಳು ಅಜ್ಜಿ. “ಸುಲೋ, ಹುಡುಗ ಸುಳ್ಳು ಹೇಳ್ತಿಲ್ಲ.”

ತಾತ ಬೂಟಿನ ಲಾಡಿ ಕಟ್ಟದೆಯೇ ಓಡಿದ. ಎಪ್ಪತ್ತು ದಾಟಿದ ಮನುಷ್ಯ ಹಿಮದಲ್ಲಿ ಹಾಗೆ ಓಡಿದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಹಿಂದೆ ನಾನು. ನನ್ನ ತಲೆಯೊಳಗೆ ತಮಟೆ ಬಾರಿಸುತ್ತಿತ್ತು. ನಿಜ ಹೇಳಬೇಕೆಂದರೆ ನನಗೆ ಭಯಕ್ಕಿಂತ ಖುಷಿಯೇ ಜಾಸ್ತಿ. ಇಡೀ ಚಳಿಗಾಲ ಹಿಮ ತಳ್ಳಿ ತಳ್ಳಿ ಬೇಸತ್ತಿದ್ದೆ. ಕೊನೆಗೂ ನಮ್ಮ ಹಿತ್ತಿಲಿಗೊಂದು ಕ್ಲೈಮ್ಯಾಕ್ಸ್ ಬಂದಿತ್ತು.

ಇನ್ನೂರ ಆರು.

ತಾತ ಮಾಡಿದ ಮೊದಲ ಕೆಲಸ, ಹಿಲ್ಡಾಳ ಬೆನ್ನಿನ ಪೆಟ್ಟಿಗೆ ತೆರೆದು ಒಳಗೆ ಕೈಯಾಡಿಸಿದ್ದು. ಸ್ಪೀಕರು ಅಲ್ಲೇ ಇತ್ತು. ತೆಗೆಯಲು ಮರೆತಿದ್ದೆ. ನನ್ನನ್ನೊಮ್ಮೆ ನೋಡಿ ಅದನ್ನು ತನ್ನ ಜೇಬಿಗೆ ಇಳಿಸಿಕೊಂಡ.

“ಇನ್ನೇನು ಮಾಡಿದ್ದೀಯ? ಈಗ್ಲೇ ಹೇಳ್ಬಿಡು.”

ಏನೂ ಮಾಡಿಲ್ಲ ಅಂದೆ. ಅಜ್ಜಿಯ ಆಣೆ ಅಂದೆ. ಏಲಕ್ಕಿ ಬ್ರೆಡ್ಡಿನ ಆಣೆ ಅಂದೆ. ಆಗ ನಂಬಿದ.

ನಾನು ಸಲಿಕೆ ತುಂಬ ಹಿಮ ಎತ್ತಿ ಹಿಲ್ಡಾಳ ತಲೆಗೆ ಸುರಿಯಲು ಹೊರಟೆ. ತಾತ ಕೈ ಹಿಡಿದ. ಕಾದ ಕಬ್ಬಿಣಕ್ಕೆ ತಣ್ಣನೆಯದು ಬಿದ್ದರೆ ಸೀಳಿಹೋಗುತ್ತದೆ ಅಂದ. ಹಾಗಾದರೆ ಬೆಂಕಿ ಬಾಗಿಲು ತೆಗೆದು ಉರಿಯುವ ದಿಮ್ಮಿಗಳನ್ನು ಹೊರಗೆಳೆಯೋಣ ಅಂದೆ. ಅದಕ್ಕೂ ಬೈದ. ಈ ಬಿಸಿಯಲ್ಲಿ ಬಾಗಿಲು ತೆಗೆದರೆ ಬೆಂಕಿಗೆ ಹೊಸ ಉಸಿರು ಸಿಕ್ಕಿ ನೇರ ಮುಖಕ್ಕೇ ನೆಗೆಯುತ್ತದಂತೆ. ನನ್ನ ಹುಬ್ಬಿನ ಮೇಲೆ ನನಗೆ ತುಂಬ ಅಭಿಮಾನವಿದ್ದುದರಿಂದ ಆ ಮಾತು ಅಲ್ಲಿಗೇ ಬಿಟ್ಟೆ.

ಹಿಲ್ಡಾಳ ಬಿಸಿಯನ್ನು ಮೊದಲು ಯಾರಾದರೂ ಕುಡಿಯಬೇಕು ಅಂದ ತಾತ. ನಾನು ಮನೆಯ ಕಡೆ ತಿರುಗಿ ಕೂಗಿದೆ. ಅಜ್ಜಿಗೆ ಬಿಡಿಸಿ ಹೇಳುವ ಅಗತ್ಯವಿರಲಿಲ್ಲ. ಅಡುಗೆಮನೆ, ಮಹಡಿ, ಗ್ಯಾರೇಜು, ಸೌನಾದ ಬಚ್ಚಲು, ಎಲ್ಲ ಕಡೆಯ ಬಿಸಿಯ ಗುಂಡಿಗಳನ್ನೂ ಕೊನೆಯವರೆಗೆ ತಿರುಗಿಸಿಕೊಂಡು ಬಂದಳು. ಹೊರಗೆ ಅಂಥ ಚಳಿ, ಒಳಗೆ ಅಜ್ಜಿ ತೋಳಿಲ್ಲದ ಅಂಗಿಯಲ್ಲಿ ನಿಂತು ಕಿಟಕಿ ತೆರೆಯುತ್ತಿದ್ದಳು.

ಆದರೂ ಇನ್ನೂರ ಏಳು.

“ಅಂಕಿಯೇ ಸುಳ್ಳು ಹೇಳ್ತಿದ್ರೆ?” ಅಂದೆ.

ಒಳ್ಳೆಯ ಪ್ರಶ್ನೆ ಅಂದ ತಾತ. ನನ್ನ ಜೀವಮಾನದಲ್ಲಿ ಅವನು ಹಾಗೆ ಅಂದದ್ದು ಅದೇ ಮೊದಲು, ನಾನು ಎರಡಿಂಚು ಎತ್ತರವಾದೆ. ಓಡಿಹೋಗಿ, ಮಾಂಸ ಬೆಂದಿದೆಯಾ ಅಂತ ಚುಚ್ಚಿ ನೋಡುವ ಅಜ್ಜಿಯ ಥರ್ಮಾಮೀಟರನ್ನು ಕಿತ್ತು ತಂದೆ. ಪೈಪಿಗೆ ಒತ್ತಿ, ಮೇಲೆ ನನ್ನ ಕೈಗವಸು ಸುತ್ತಿ ಹಿಡಿದೆವು. ಮುಳ್ಳು ಸರಸರ ಏರಿ ಹಿಲ್ಡಾಳ ಅಂಕಿಯ ಪಕ್ಕದಲ್ಲೇ ನಿಂತಿತು. ಅಂಕಿ ಸುಳ್ಳಲ್ಲ. ಹಿಲ್ಡಾ ಚೆನ್ನಾಗಿ ಬೆಂದಿದ್ದಳು.

ಮುಂದಿನದು ಪಂಪು. ಅದು ನಿಂತಿದ್ದರೆ ಬಿಸಿ ಹೊರಗೇ ಹೋಗುವುದಿಲ್ಲ. ತಾತ ಮನೆಗೆ ಹೋಗುವ ಪೈಪನ್ನು ಮುಟ್ಟಿ ಕೈ ಕೊಡವಿದ. ವಾಪಸು ಬರುವ ಪೈಪನ್ನು ನನಗೆ ಮುಟ್ಟಲು ಹೇಳಿದ. ಬೆಚ್ಚಗಿತ್ತು, ಸುಡುತ್ತಿರಲಿಲ್ಲ. ಅಂದರೆ ನೀರು ಹೋಗಿ ಬರುತ್ತಿದೆ, ಮನೆ ಬಿಸಿ ಕುಡಿಯುತ್ತಿದೆ. ಪಂಪು ನಿರಪರಾಧಿ.

“ಹಂಗಾದ್ರೆ ಅಪರಾಧಿ ನಮ್ಮ ಮಧ್ಯೇನೇ ಇದ್ದಾನೆ,” ಅಂದೆ ದನಿ ತಗ್ಗಿಸಿ.

“ಒಂದು ಹೊಡೆದ್ರೆ ಸಿನಿಮಾ ಎಲ್ಲಾ ಕಿವೀಲಿ ಇಳಿದುಹೋಗ್ಬೇಕು,” ಅಂದ ತಾತ.

ಉಳಿದದ್ದು ಗಾಳಿ. ಬೆಂಕಿಗೆ ಎಲ್ಲಿಂದಲೋ ಗಾಳಿ ಸಿಗುತ್ತಿದೆ. ಇಲ್ಲದಿದ್ದರೆ ಅದು ಇಷ್ಟು ಹೊತ್ತಿಗೆ ಮುದುಡಿ ಮಲಗಬೇಕಿತ್ತು. ಹಿಲ್ಡಾಳ ಮುಖದ ಮೇಲೆ, ಬೆಂಕಿ ಬಾಗಿಲಿನ ಪಕ್ಕದಲ್ಲಿ, ಅಂಗೈಯಗಲದ ಒಂದು ಕಬ್ಬಿಣದ ಮುಚ್ಚಳವಿದೆ. ಅದೇ ಗಾಳಿ ಬಾಗಿಲು. ಕರೆಂಟು ಅದನ್ನು ಮೇಲೆತ್ತಿ ಹಿಡಿಯುತ್ತದೆ, ಕರೆಂಟು ಬಿಟ್ಟರೆ ತನ್ನ ಭಾರಕ್ಕೆ ತಾನೇ ‘ಟಪ್’ ಅಂತ ಬೀಳುತ್ತದೆ. ಹಿಮ ಬೀಳದಿರಲಿ ಅಂತ ಅದರ ಮೇಲೆ ತಾತ ಒಂದು ತಗಡಿನ ಮಾಡು ಕೂರಿಸಿದ್ದ. ಹಳೆಯ ಅಂಚೆ ಡಬ್ಬಿಯನ್ನು ಕತ್ತರಿಸಿ ಮಾಡಿದ್ದು.

ತಾತ ಗಾಳಿ ಬಾಗಿಲಿನ ಕರೆಂಟಿನ ಗುಂಡಿಯನ್ನು ಒಮ್ಮೆ ಹಾಕಿ ಆರಿಸಿದ. ಕಿವಿಗೊಟ್ಟು ಕೇಳಿದೆ. ಟಪ್ ಅನ್ನಲಿಲ್ಲ. ಹಳೇ ಸೋಫಾದ ಮೇಲೆ ದಪ್ಪನೆಯವರು ಕೂತ ಹಾಗೆ ‘ಪುಸ್’ ಅಂತೊಂದು ಸದ್ದು ಬಂತು.

“ತಾತಾ, ಮುಚ್ಕೊಳ್ಳಲಿಲ್ಲ ಅದು.”

“ಮುಚ್ಕೊಂಡಿದೆ. ನಿನ್ನ ಕಿವಿ ಮರಗಟ್ಟಿದೆ.”

“ಮಾಡು ಎತ್ತಿ ನೋಡೋಣ.”

“ಬೇಡ.” ಬಹಳ ಬೇಗ ಹೇಳಿದ. ನಿನ್ನೆ ತಾನೇ ಅದನ್ನು ಕೆರೆದು ಉಜ್ಜಿದ್ದೇನೆ, ಅಲ್ಲೇನೂ ಇಲ್ಲ, ಬೆಂಕಿ ಬಾಗಿಲಿನ ಅಂಚಿಗೆ ಸಂದಿ ಮುಚ್ಚಲು ಕೂರಿಸಿದ ಹಗ್ಗ ಸವೆದಿರಬೇಕು, ಅದನ್ನು ನೋಡು ಅಂದ. ಹೇಳುತ್ತಲೇ ಸರಿದು ಬಂದು ಆ ಮಾಡಿಗೆ ಬೆನ್ನು ಕೊಟ್ಟು ನಿಂತ. ಅಡುಗೆಮನೆಯ ಕಿಟಕಿಯಲ್ಲಿ ಅಜ್ಜಿಯ ತಲೆ ಕಾಣುತ್ತಿತ್ತು. ತಾತ ಅವಳಿಗೊಂದು ನಗು ಬೀರಿದ. ತಾತ ಸುಮ್ಮಸುಮ್ಮನೆ ನಗುವ ಜಾತಿಯಲ್ಲ.

ಬಾಗಿಲಿನ ಅಂಚನ್ನು ಪರೀಕ್ಷೆ ಮಾಡಲು ಅವನೇ ನನಗೆ ಕಲಿಸಿದ ಉಪಾಯವೊಂದಿದೆ. ಬರ್ಚ್ ತೊಗಟೆಯ ಚೂರಿಗೆ ಬೆಂಕಿ ಹಚ್ಚಿ ಊದಿ ಆರಿಸಿದರೆ ಅದು ಊದುಬತ್ತಿಯ ಹಾಗೆ ಹೊಗೆಯಾಡುತ್ತದೆ. ಅದನ್ನು ಬಾಗಿಲಿನ ಅಂಚಿನಗುಂಟ ನಿಧಾನ ಸರಿಸಬೇಕು. ಎಲ್ಲಿ ಸಂದಿದೆಯೋ ಅಲ್ಲಿ ಹೊಗೆ ಒಳಗೆ ನುಗ್ಗುತ್ತದೆ. ತೊಗಟೆ ಹಚ್ಚಿದೆ. ಮೇಲಿನಂಚು, ಹೊಗೆ ನೆಟ್ಟಗೆ ಆಕಾಶಕ್ಕೆ. ಕೆಳಗಿನಂಚು, ಅದೂ ಆಕಾಶಕ್ಕೆ. ಹಗ್ಗ ಗಟ್ಟಿಮುಟ್ಟಾಗಿತ್ತು.

ಆಮೇಲೆ ತೊಗಟೆಯನ್ನು ತಾತನ ಕಡೆಗೆ ತಂದೆ.

ಹೊಗೆ ಬಾಗಿತು. ಮೊಲದ ವಾಸನೆ ಹಿಡಿದ ಬೇಟೆನಾಯಿಯ ಹಾಗೆ ಮೂಗು ಚಾಚಿ, ತಾತನ ಸೊಂಟ ಬಳಸಿ, ಅವನ ಕೋಟಿನ ಹಿಂದಕ್ಕೆ ನುಗ್ಗಿಹೋಯಿತು. ತಾತ ಎಡಕ್ಕೆ ವಾಲಿದ. ಹೊಗೆ ಬಲಕ್ಕೆ ಹೋಯಿತು. ಬಲಕ್ಕೆ ವಾಲಿದ. ಹೊಗೆ ಅವನ ಕಂಕುಳ ಸಂದಿಯಿಂದ ತೂರಿತು.

“ತಾತಾ,” ಅಂದೆ, “ನಿನ್ನ ಹಿಂದೆ ಏನಿದೆ?”

“ನನ್ನ ಹಿಂದೆ ನನ್ನ ಬೆನ್ನಿದೆ.”

ಇನ್ನೂರ ಒಂಬತ್ತು. ಹಿಲ್ಡಾಳ ಹೊಟ್ಟೆಯೊಳಗಿಂದ ಗುಡುಗುಡು ಶುರುವಾಯಿತು. ನೆತ್ತಿಯ ಕೊಳವೆಯಿಂದ ಬಿಸಿನೀರಿನ ಮೊದಲ ಗುಟುಕು ಚಿಮ್ಮಿ ಹಿಮದಲ್ಲಿ ತೂತು ಕೊರೆಯಿತು. ದೂರದಲ್ಲಿ, ಹಿಮ ಸರಿಸಿದ ರಸ್ತೆಯ ತಿರುವಿನಲ್ಲಿ, ಕಾರಿನ ದೀಪ ಕಂಡಿತು. ಆ ರಸ್ತೆಯಲ್ಲಿ ನಮ್ಮದು ಬಿಟ್ಟರೆ ಬೇರೆ ಮನೆಯಿಲ್ಲ.

ತಾತ ಅಂಕಿ ನೋಡಿದ. ಕಾರು ನೋಡಿದ. ಕಿಟಕಿಯಲ್ಲಿದ್ದ ಅಜ್ಜಿಯನ್ನು ನೋಡಿದ.

“ಅಜ್ಜಿಗೆ ಹೇಳ್ಬೇಡ,” ಅಂದ, ಪಕ್ಕಕ್ಕೆ ಸರಿದ.

ಮಾಡಿನ ತಗಡು ಎತ್ತಿದೆ. ಒಳಗೆ ಒಂದು ಮೊಳೆ. ಮೊಳೆಗೆ ತಲೆಕೆಳಗಾಗಿ ನೇತುಬಿದ್ದಿತ್ತು ಒಂದು ವಿಹ್ತಾ. ಬೇಸಿಗೆಯಲ್ಲಿ ಕಟ್ಟಿ ಫ್ರೀಜರಿನಲ್ಲಿ ಬಚ್ಚಿಟ್ಟಿದ್ದು, ಅಂಗೈಗಿಂತ ಸ್ವಲ್ಪ ದೊಡ್ಡದು, ಗೊಂಬೆಗೆ ಮಾಡಿದ ಹಾಗಿತ್ತು. ಹಬೆಯ ಬಿಸಿಗೆ ನಿಧಾನವಾಗಿ ಹಿಮ ಬಿಡಲಿ ಅಂತ ತಾತ ಅದನ್ನು ಅಜ್ಜಿಯ ಕಣ್ಣು ತಪ್ಪಿಸಿ ಅಲ್ಲಿ ತೂಗುಹಾಕಿದ್ದ. ಅಡುಗೆಮನೆಯಲ್ಲಿ ಬಿಸಿನೀರಿಗೆ ಹಾಕಿದ್ದರೆ ಸಿಕ್ಕಿಬೀಳುತ್ತಿದ್ದನಲ್ಲ. ಹಿಲ್ಡಾ ಉಸಿರೆಳೆದುಕೊಂಡಾಗಲೆಲ್ಲ ಒಂದೊಂದೇ ಒದ್ದೆ ಎಲೆ ಉದುರಿ ಗಾಳಿ ಬಾಗಿಲಿನ ಅಂಚಿಗೆ ಹೋಗಿ ಕೂತು, ಅಲ್ಲಿನ ಹೊಗೆಯ ಅಂಟಿಗೆ ಮೆತ್ತಿಕೊಂಡಿತ್ತು. ಮುಚ್ಚಳ ಬೀಳಲು ಹೋದರೆ ಎಲೆಗಳ ಹಾಸಿಗೆ. ಬೆರಳು ತೂರುವಷ್ಟು ಸಂದಿ, ಸಂದಿಯೊಳಗೆ ಬೆಂಕಿ ಕಿತ್ತಳೆ ಬಣ್ಣದಲ್ಲಿ ಕಣ್ಣು ಹೊಡೆಯುತ್ತಿತ್ತು.

ವಿಹ್ತಾ ಕಿತ್ತು ಜಾಕೆಟ್ಟಿನೊಳಗೆ ತುರುಕಿಕೊಂಡು ಜಿಪ್ ಎಳೆದೆ. ಎಷ್ಟು ಕಾಲದಿಂದ ಕಾದಿದ್ದ ಕ್ಷಣ ಅದು. “ಈ ರಹಸ್ಯ ಇನ್ಮೇಲೆ ನನ್ನ ಎದೇಲೇ ಇರುತ್ತೆ, ತಾತಾ.”

“ಮಾತು ಆಮೇಲೆ. ಕೆರಿ.”

ತಾತ ಮುಚ್ಚಳವನ್ನು ಇಕ್ಕಳದಲ್ಲಿ ಎತ್ತಿ ಹಿಡಿದ, ನಾನು ಸ್ಕ್ರೂಡ್ರೈವರಿನಿಂದ ಅಂಚು ಕೆರೆದೆ. ಕಪ್ಪಗೆ ಕರಗಿದ ಅಂಟು, ಅದರೊಳಗೆ ಅರ್ಧ ಬೆಂದ ಎಲೆ. ಸಂದಿಯಿಂದ ಬಂದ ಝಳಕ್ಕೆ ಮೂಗಿನ ತುದಿ ಬೇಯುತ್ತಿತ್ತು, ಬೆನ್ನು ಚಳಿಗೆ ಒಡೆಯುತ್ತಿತ್ತು. ಒಂದು ಎಲೆ ಬಂತು, ಇನ್ನೊಂದು ಬಂತು, ಕೊನೆಯದು ಕೊಸರಾಡಿತು. ಉಗುರಿನಿಂದ ಎಬ್ಬಿಸಿದೆ. ತಾತ ಇಕ್ಕಳ ಬಿಟ್ಟ.

ಟಪ್.

ನಮ್ಮ ಊರಿನಲ್ಲಿ ಅದಕ್ಕಿಂತ ಒಳ್ಳೆಯ ಸಂಗೀತ ನಾನು ಕೇಳಿಲ್ಲ.

ಆದರೆ ಅಂಕಿ ಇಳಿಯಲಿಲ್ಲ. ಇನ್ನೂರ ಹತ್ತು. ಇಬ್ಬರೂ ಉಸಿರು ಹಿಡಿದು ನಿಂತೆವು. ಕಾರು ಅಂಗಳಕ್ಕೆ ತಿರುಗುವ ಸದ್ದು ಕೇಳಿಸಿತು. ಇನ್ನೂರ ಹನ್ನೊಂದು. ಕೊಳವೆಯಿಂದ ಇನ್ನೊಂದು ಗುಟುಕು ಚಿಮ್ಮಿತು. ತಾತ ಹಿಲ್ಡಾಳ ತಗಡಿನ ಮೇಲೆ ಕೈಯಿಟ್ಟು ಫಿನ್ನಿಶ್‌ನಲ್ಲಿ ಏನೋ ಗೊಣಗಿದ. ಅಜ್ಜಿಗೆ ಜ್ವರ ಬಂದಾಗ ಮಾತಾಡಿಸುವ ದನಿ ಅದು. ಅಂಕಿ ಅಲ್ಲೇ ನಿಂತಿತು. ನಿಂತೇ ಇತ್ತು. ಆಮೇಲೆ ಇನ್ನೂರ ಹತ್ತಾಯಿತು. ಗುಡುಗುಡು ಸಣ್ಣಗಾಯಿತು. ಇನ್ನೂರ ಒಂಬತ್ತು ಆದಾಗ ತಾತ ನನ್ನ ಟೋಪಿ ಕಿತ್ತು ಹಿಮಕ್ಕೆಸೆದ. ಅವನ ಭಾಷೆಯಲ್ಲಿ ಅದು ಅಪ್ಪುಗೆ.

ಅಷ್ಟರಲ್ಲಿ ಪೌಲೆಟ್ ಕಾರಿನಿಂದ ಇಳಿದು ಮನೆ ಸೇರಿದ್ದರು. ಕೈಯಲ್ಲಿ ಮೂರು ಕಂಬಳಿ, ಕತ್ತಿನವರೆಗೆ ಗುಂಡಿ ಹಾಕಿದ ಕೋಟು, ಮುಖದಲ್ಲಿ ತೀರ್ಪು. ನಾವು ಹಿಂದಿನ ಬಾಗಿಲಿನಿಂದ ನುಗ್ಗಿದಾಗ ಅವರು ಅಡುಗೆಮನೆಯ ನಡುವೆ ನಿಂತಿದ್ದರು. ಮನೆ ಕುಲುಮೆಯಾಗಿತ್ತು. ಅಜ್ಜಿ ಬೆವರು ಒರೆಸಿಕೊಳ್ಳುತ್ತ, ಏನೂ ಆಗಿಯೇ ಇಲ್ಲವೆಂಬಂತೆ ಕಾಫಿ ಬೇಕಾ ಅಂತ ಕೇಳುತ್ತಿದ್ದಳು. ಪೌಲೆಟ್ ಕೋಟು ಬಿಚ್ಚಿದರು. ಸ್ವೆಟರು ಬಿಚ್ಚಿದರು. ಇನ್ನು ಬಿಚ್ಚಲು ಮರ್ಯಾದೆ ಅಡ್ಡ ಬಂತು.

“ಇಲ್ಲಿ ಚಳಿ ಇರುತ್ತೆ ಅಂದ್ಕೊಂಡಿದ್ದೆ,” ಅಂದರು ಕೊನೆಗೆ. ಬಾಗಿಲಿಗೆ ಹೋಗಿ ಕಾರಿನ ಕಡೆ ಕೈಬೀಸಿದರು.

ಭಾವ ನೋಲನ್ ಬುಟ್ಟಿಯ ಹಾಗಿದ್ದ ಸೀಟನ್ನು ಎರಡೂ ಕೈಯಲ್ಲಿ ಹಿಡಿದು, ತುಂಬಿದ ಪಾತ್ರೆ ತರುವವನಂತೆ ಒಳಗೆ ಬಂದ. ಹಿಂದೆ ಅಕ್ಕ. ಸೀಟಿನೊಳಗಿದ್ದಳು ಒಬ್ಬ ಕೆಂಪು ಮುಖದ ಪುಟಾಣಿ, ಮುಷ್ಟಿ ಬಿಗಿದುಕೊಂಡು, ಯಾರನ್ನೋ ಗುದ್ದಿ ಬಂದು ಮಲಗಿದ ಹಾಗೆ. ನನ್ನ ಸೋದರಸೊಸೆ ಅಂತ ನೋಡಿದ ತಕ್ಷಣ ಗೊತ್ತಾಯಿತು. ಕಂಬಳಿ ಒಂದೊಂದಾಗಿ ತೆಗೆದರು, ಕೊನೆಗೆ ತೆಳ್ಳನೆಯ ಅಂಗಿಯೊಂದೇ ಉಳಿಯಿತು. ಎಲ್ಲರೂ ಕೋಟು ಕಳಚಿದರು, ತೋಳು ಮಡಿಸಿದರು.

ನಾನೊಬ್ಬನೇ ಜಾಕೆಟ್ಟಿನಲ್ಲಿ. ಗಲ್ಲದವರೆಗೆ ಜಿಪ್. ಒಳಗೆ ವಿಹ್ತಾ ಕರಗಿ ತಣ್ಣನೆಯ ನೀರು ಹೊಟ್ಟೆಯ ಮೇಲೆ ಇಳಿಯುತ್ತಿತ್ತು, ಹಣೆಯಿಂದ ಬಿಸಿ ಬೆವರು ಇಳಿಯುತ್ತಿತ್ತು, ಎರಡೂ ಬೆಲ್ಟಿನ ಹತ್ತಿರ ಭೇಟಿಯಾಗುತ್ತಿದ್ದವು.

“ನೀನು ಯಾಕೆ ತೆಗೆದಿಲ್ಲಪ್ಪ?” ಪೌಲೆಟ್ ಕೇಳಿದರು.

“ಚಳಿ,” ಅಂದೆ.

ತಾತ ಛಾವಣಿ ನೋಡುತ್ತಿದ್ದ. ಬಿಸಿ ಏರಿದ ಹಾಗೆ ವಿಹ್ತಾ ತನ್ನ ಕೆಲಸ ಶುರುಮಾಡಿತು. ಎದೆಯ ಕಡೆಯಿಂದ ಮೆಲ್ಲಗೆ ಒಂದು ಹಸಿರು ವಾಸನೆ ಎದ್ದು ಅಡುಗೆಮನೆಯನ್ನೆಲ್ಲ ತುಂಬಿತು. ಹೊರಗೆ ಹೆಪ್ಪುಗಟ್ಟಿದ ಕೆರೆ, ಒಳಗೆ ನಡುಬೇಸಿಗೆಯ ಕಾಡು. ಅಕ್ಕ ಕಣ್ಣು ಮುಚ್ಚಿ ಉಸಿರೆಳೆದಳು. ಏನಿದು ಇಷ್ಟು ಚೆನ್ನಾಗಿದೆ ಅಂದರು ಪೌಲೆಟ್. ಅಜ್ಜಿಯ ಮೂಗು ಮಾತ್ರ ತಿರುಗುತ್ತಾ ತಿರುಗುತ್ತಾ ಬಂದು ನನ್ನೆದುರು ನಿಂತಿತು.

“ಜಿಪ್ ಇಳಿಸು.”

“ಅಜ್ಜಿ, ಕೆಲವು ರಹಸ್ಯಗಳು…”

“ಇಳಿಸು ಅಂದೆ.”

ಇಳಿಸಿದೆ. ವಿಹ್ತಾ ಜಾರಿ ಮೇಜಿನ ಮೇಲೆ, ಏಲಕ್ಕಿ ಬ್ರೆಡ್ಡಿನ ಪಕ್ಕದಲ್ಲಿ ಬಿತ್ತು. ನಾನೇ ಕಟ್ಟಿದ್ದು ಅಂತ ಶುರುಮಾಡಿದೆ. ನನ್ನ ಹೆಸರಿಗೆ ಇಷ್ಟು ಮಸಿ ಇರುವಾಗ ಇನ್ನೊಂದು ಚುಕ್ಕೆ ಭಾರವೇನಲ್ಲ. ಆದರೆ ಅಜ್ಜಿ ಕಟ್ಟಿನ ಸುತ್ತ ಬಿಗಿದ ಬರ್ಚ್ ಕಡ್ಡಿಯ ಮೇಲೆ ಬೆರಳಾಡಿಸಿದಳು. ಆ ಕಡ್ಡಿ ಎಡಕ್ಕೆ ಸುತ್ತಿತ್ತು. ನಮ್ಮ ಮನೆಯಲ್ಲಿ ಎಡಗೈಯವನು ಒಬ್ಬನೇ.

“ನಂದೇ,” ಅಂದ ತಾತ. “ಹಿಲ್ಡಾ ಉಕ್ಕಿದ್ದೂ ಅದರಿಂದ್ಲೇ. ನಾನೇ ಅಲ್ಲಿ ನೇತುಹಾಕಿದ್ದೆ.”

ಪೌಲೆಟ್ ಆ ಕಟ್ಟನ್ನೂ ಮಗುವನ್ನೂ ಬದಲಿಸಿ ಬದಲಿಸಿ ನೋಡಿದರು. ಅವರ ಕೈ ತಾನಾಗಿಯೇ ಬುಟ್ಟಿಯ ಹಿಡಿಕೆಗೆ ಹೋಯಿತು. ಇದರಿಂದ ಮಗುವನ್ನು ಹೊಡೆಯುತ್ತೀರಾ ಅಂತ ಕೇಳಿದರು.

“ಹೊಡೆಯೋದಲ್ಲ.” ತಾತ ಕುರ್ಚಿ ಎಳೆದುಕೊಂಡು ಮಗುವಿನ ಎತ್ತರಕ್ಕೆ ಕೂತ. “ನಮ್ಮಪ್ಪ ನನ್ನ ಕಾಲಿಗೆ ಮುಟ್ಟಿಸಿದ್ದ. ನಾನು ಕ್ರಿಸ್ಟಾಳ ಅಮ್ಮನ ಕಾಲಿಗೆ, ಕ್ರಿಸ್ಟಾ ಕಾಲಿಗೆ, ಆ ಕೋತಿ ಕಾಲಿಗೂ ಮುಟ್ಟಿಸಿದ್ದೀನಿ. ನಡೆಯೋ ದಾರಿ ಮೆತ್ತಗಿರ್ಲಿ ಅಂತ. ಅಷ್ಟೇನೇ. ಬೇಡ ಅಂದ್ರೆ ಬೇಡ.”

ಅಕ್ಕ ಬಗ್ಗಿ ಮಗುವಿನ ಒಂದು ಕಾಲುಚೀಲ ಎಳೆದು ತೆಗೆದಳು. ಬಟಾಣಿ ಕಾಳಿನ ಹಾಗೆ ಐದು ಬೆರಳು. ಅಜ್ಜಿ ಕಟ್ಟಿನಿಂದ ಒಂದು ಎಲೆ ಬಿಡಿಸಿ, ಅಂಗೈಗಳ ನಡುವೆ ಬೆಚ್ಚಗೆ ಮಾಡಿ, ಗಂಡನ ಕೈಗೆ ಕೊಟ್ಟಳು. ಎಲೆ ಅಂಗಾಲಿಗೆ ತಾಗಿದ್ದೇ ತಡ, ಮಗು ಕಣ್ಣು ತೆರೆಯದೆ ಐದೂ ಬೆರಳನ್ನು ಬೀಸಣಿಗೆಯ ಹಾಗೆ ಬಿಡಿಸಿತು.

ಪೌಲೆಟ್ ಬುಟ್ಟಿಯ ಹಿಡಿಕೆಯಿಂದ ಕೈ ತೆಗೆದರು.

“ಇನ್ನೊಂದು ಕಾಲು?” ಅಂತ ಕೇಳಿ, ಆ ಕಾಲುಚೀಲವನ್ನು ತಾವೇ ಬಿಚ್ಚಿದರು.

ಆಮೇಲೆ ಪೌಲೆಟ್ ಕಾಫಿ ಕುಡಿದರು, ಬ್ರೆಡ್ಡು ತಿಂದರು, ಮತ್ತೆ ಬ್ರೆಡ್ಡು ತಿಂದರು. ಈ ಬಿಸಿಗೆ ಸೌದೆ ಎಷ್ಟು ಹೊತ್ತಿಗೊಮ್ಮೆ ಹಾಕಬೇಕು, ಯಾವ ಮರ ಒಳ್ಳೆಯದು ಅಂತೆಲ್ಲ ತಾತನನ್ನು ಕೇಳಿದರು. ತಾತನಿಗೆ ಇಷ್ಟು ಕೇಳಿದರೆ ಸಾಕು, ಊಟದ ಹೊತ್ತಿನವರೆಗೆ ಪುರಸೊತ್ತಿಲ್ಲ. ಮಗು ನಮ್ಮ ಸೂರಿನಡಿ, ನನ್ನ ಹಳೇ ತೊಟ್ಟಿಲಿನಲ್ಲಿ, ಬಾಯಿ ತೆರೆದುಕೊಂಡು ಮಲಗಿತ್ತು.

ಕತ್ತಲಾಗುವ ಮುಂಚೆ ಹಿಲ್ಡಾಗೆ ಸೌದೆ ಹಾಕಲು ಹೋದೆ. ಅಂಕಿ ನೂರ ಎಂಬತ್ತೆರಡು, ಆವಿಯಿಲ್ಲ, ಗುಡುಗಿಲ್ಲ, ಒಳ್ಳೆಯ ಮನೆತನದ ಹೆಂಗಸಿನ ಹಾಗೆ ನಿಂತಿದ್ದಳು. ತಗಡಿನ ಮಾಡಿನೊಳಗಿನ ಮೊಳೆಯನ್ನು ತಾತ ಆಗಲೇ ಕಿತ್ತುಹಾಕಿದ್ದ. ಎರಡು ದಿಮ್ಮಿ ತೋಳಿಗೇರಿಸಿಕೊಂಡು ಬೆಂಕಿ ಬಾಗಿಲಿಗೆ ಕೈ ಹಾಕಿದೆ.

“ಟ್ರೆವರ್,” ಅಂದಳು ಹಿಲ್ಡಾ, ಗೊಗ್ಗರು ದನಿಯಲ್ಲಿ. “ಸಾಕು ಕಣೋ. ಹೊಟ್ಟೆ ತುಂಬಿದೆ.”

ದಿಮ್ಮಿ ಎರಡೂ ಕಾಲ ಮೇಲೆ ಬಿದ್ದವು, ನಾನು ಹಿಮದ ಮೇಲೆ ಬಿದ್ದೆ. ಬಿದ್ದಲ್ಲಿಂದಲೇ ಮನೆಯ ಕಡೆ ತಿರುಗಿದೆ. ಅಡುಗೆಮನೆಯ ಕಿಟಕಿಯಲ್ಲಿ ಸಾಲಾಗಿ ತಲೆಗಳು. ತಾತ ಬಾಯಿಗೆ ಕೈಯಡ್ಡ ಹಿಡಿದಿದ್ದ, ಅಜ್ಜಿ ಅವನ ಹೆಗಲಿಗೆ ಗುದ್ದುತ್ತಿದ್ದಳು. ನಡುವೆ ನಿಂತು ಅವನ ಬಾಯಿಗೆ ಫೋನು ಹಿಡಿದಿದ್ದವರು ಪೌಲೆಟ್.